ಮೊಟ್ಟೆ ಎಡಕ್ಕೆ, ಸೌತೆಕಾಯಿ ಬಲಕ್ಕೆ

ಆ ಬೀದಿಯಲ್ಲಿ ಉಲ್ಟಾ ಮೇಷ್ಟ್ರು ಎಂದರೆ ಗೊತ್ತಿಲ್ಲದವರಿಲ್ಲ. ಮೇಷ್ಟ್ರು ಎಂದ ಮಾತ್ರಕ್ಕೆ ಪಾಠ ಹೇಳಿದವರು ಎಂದುಕೊಳ್ಳಬೇಡಿ. ದೊಡ್ಡವರಾದ ಮೇಲೆ ಅವರು ಶಾಲೆಯ ಮೆಟ್ಟಿಲು ಹತ್ತಿದ್ದೇ ಅಲ್ಲಿನ ಬೋರ್ಡು ಬರೆಯಲು. ಗಾಜಿನ ಮೇಲೆ ಹೆಸರು ಬರೆಯುವುದು ಅವರ ಕಸುಬು. ಅದೂ ಹೊರಗೆ ನಿಂತು ಬರೆಯುವವರಲ್ಲ. ಅಂಗಡಿಯ ಒಳಗೆ ನಿಂತು, ಗಾಜಿನ ಹಿಂಬದಿಗೆ, ಬಲದಿಂದ ಎಡಕ್ಕೆ, ಅಕ್ಷರಗಳನ್ನೆಲ್ಲ ತಿರುಗಿಸಿ ಬರೆಯುವವರು. ಒಳಗಿನಿಂದ ನೋಡಿದರೆ ಏನೋ ಗೀಚಿದಂತಿರುತ್ತದೆ, ಹೊರಗೆ ಹೋಗಿ ನೋಡಿದರೆ ನೆಟ್ಟಗೆ ಕಾಣುತ್ತದೆ. ಮಳೆಗೆ ಅಳಿಸುವುದಿಲ್ಲ, ಮಕ್ಕಳ ಉಗುರಿಗೂ ಸಿಗುವುದಿಲ್ಲ. ನಲವತ್ತು ವರ್ಷ ಹೀಗೆ ಬರೆದು ಬರೆದು ಅವರ ಕೈ ಎಷ್ಟು ಪಳಗಿತ್ತೆಂದರೆ, ನೆಟ್ಟಗೆ ಬರೆಯಿರಿ ಎಂದರೆ ಒಂದು ಗಳಿಗೆ ತಡವರಿಸುತ್ತಿದ್ದರು. ಒಮ್ಮೆ ಸಾಮಾನಿನ ಚೀಟಿಯನ್ನೇ ಉಲ್ಟಾ ಬರೆದುಕೊಟ್ಟಿದ್ದರು. “ಕನ್ನಡಿ ಹಿಡ್ಕೊಂಡು ಅಂಗಡಿಗೆ ಹೋಗ್ಲಾ?” ಎಂದು ಹೆಂಡತಿ ಕೇಳಿದ ಮಾತು ಬೀದಿಗೆಲ್ಲ ಹಬ್ಬಿ ಈ ಹೆಸರು ಅಂಟಿಕೊಂಡಿತು.

ಅದರಿಂದ ಮೇಷ್ಟ್ರಿಗೇನೂ ಬೇಸರವಿಲ್ಲ. ಒಳಗೊಳಗೇ ಜಂಬ. “ನನ್ನ ಕೈಯಲ್ಲಿ ಒಂದು ಸೊಟ್ಟ ಗೆರೆ ತೋರ್ಸಿ, ಬ್ರಷ್ ಕೆಳಗಿಟ್ಬಿಡ್ತೀನಿ” ಎಂದು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದರು. ಯಾರೂ ತೋರಿಸಿರಲಿಲ್ಲ, ಅವರೂ ಬ್ರಷ್ ಕೆಳಗಿಟ್ಟಿರಲಿಲ್ಲ.

ಒಬ್ಬಳೇ ಮಗಳು. ಮಗಳ ವಿಷಯದಲ್ಲಿ ಮಾತ್ರ ಈ ಜಂಬ ಸ್ವಲ್ಪ ಕಹಿಯಾಗಿ ಹೊರಗೆ ಬರುತ್ತಿತ್ತು. ಅವಳು ಚಿಕ್ಕವಳಿದ್ದಾಗ ಕೈ ಹಿಡಿದು ಬೀದಿಯಲ್ಲಿ ಕರೆದುಕೊಂಡು ಹೋಗಿ, ತಾನು ಬರೆದ ಬೋರ್ಡುಗಳನ್ನು ಒಂದೊಂದಾಗಿ ಓದಿಸುತ್ತಿದ್ದರು. ಅವಳು ತಡವರಿಸುತ್ತಿದ್ದಳು. ಅಂಕಿ ಬಂದರಂತೂ ಬೆವರುತ್ತಿದ್ದಳು. ಆರು ಯಾವುದು, ಒಂಬತ್ತು ಯಾವುದು ಎಂದು ಬೆರಳಿನಲ್ಲಿ ಗಾಳಿಯಲ್ಲಿ ಬರೆದು ನೋಡಿಕೊಂಡು ಹೇಳುತ್ತಿದ್ದಳು. “ಊರಿಗೆಲ್ಲ ಬರ್ದುಕೊಡೋನ ಮನೇಲಿ ಇಂಥ ಮಂಕು ಹುಟ್ಟಿದೆ ನೋಡಿ” ಎಂದು ಮೇಷ್ಟ್ರು ಅಂಗಡಿಯವರ ಎದುರಿಗೇ ಅಂದುಬಿಡುತ್ತಿದ್ದರು. ತಮಾಷೆಗೆ ಅಂದದ್ದು, ಸರಿ. ಆದರೆ ತಮಾಷೆ ಯಾರಿಗೆ? ಐದನೆಯ ತರಗತಿಗೆ ಅವಳು ಶಾಲೆ ಬಿಟ್ಟಳು, ದೊಡ್ಡವಳಾಗಿ ನೂಲಿನ ಮಿಲ್ಲು ಸೇರಿದಳು, ಲಾರಿ ಓಡಿಸುವವನನ್ನು ಮದುವೆಯಾಗಿ ಅದೇ ಮನೆಯ ಮಹಡಿಯ ಕೋಣೆಯಲ್ಲಿ ಸಂಸಾರ ಹೂಡಿದಳು. ಅಳಿಯ ತಿಂಗಳಲ್ಲಿ ಹದಿನೈದು ದಿನ ರಸ್ತೆಯ ಮೇಲೆ. ಈಗ ಅವಳು ಬಸುರಿ.

ಬೀದಿಯ ಕೊನೆಯಲ್ಲಿ ಬಸುರಿಯರ ಕ್ಲಿನಿಕ್ಕಿತ್ತು. ಬುಧವಾರ ಬುಧವಾರ ಮಿಲ್ಲಿನ ಹೆಂಗಸರು ಪಾಳಿ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಅದನ್ನು ನಡೆಸುವ ನರ್ಸಮ್ಮ ಬಲು ಒಳ್ಳೆಯವರು, ಬಾಯಿ ಮಾತ್ರ ಜೋರು. ಅವರಿಗೆ ಒಂದೇ ತಲೆನೋವು: ಯಾರನ್ನು ಕೇಳಿದರೂ ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು, ಸೌತೆಕಾಯಿ. ಹೆಂಗಸರದ್ದೂ ತಪ್ಪಲ್ಲ. ಮಿಲ್ಲಿನಲ್ಲಿ ಬಿಳಿ ನೂಲು ಮುಟ್ಟುವ ಕೈ ಅದು. ಮೊಟ್ಟೆ ಸುಲಿದ ಬೆರಳಿನ ಒಂದು ಹಳದಿ ಚುಕ್ಕೆ ತಗುಲಿದರೆ ಸೂಪರ್‌ವೈಸರ್ ಇಡೀ ಉಂಡೆಯನ್ನೇ ಮುಖಕ್ಕೆ ಹಿಡಿಯುತ್ತಿದ್ದ. ಮುಚ್ಚಿದ ಶೆಡ್ಡಿನಲ್ಲಿ ಬೇಯಿಸಿದ ಮೊಟ್ಟೆಯ ವಾಸನೆ ಬೇರೆ. ಸೌತೆಕಾಯಿಯಾದರೆ ಕಚ್ಚಿದರಾಯಿತು, ಕೈಗೆ ಜಿಡ್ಡಿಲ್ಲ, ಹೊಟ್ಟೆಗೆ ತಂಪು.

“ತಂಪಂತೆ ತಂಪು! ಹೊಟ್ಟೆ ತುಂಬುತ್ತೆ, ಮೈಗೆ ಏನು ಹತ್ತುತ್ತೆ?” ಎಂದು ನರ್ಸಮ್ಮ ಒಂದು ದಿನ ಮೇಷ್ಟ್ರ ಮನೆಗೇ ಬಂದರು. ಕೈಯಲ್ಲೊಂದು ಹಾಳೆ. “ನಂಗೆ ಹೇಳಿ ಹೇಳಿ ಗಂಟಲು ಬಿತ್ತು. ನೀವು ಇದನ್ನ ಕ್ಲಿನಿಕ್ ಬಾಗಿಲ ಪಕ್ಕದ ದೊಡ್ಡ ಗಾಜಿನ ಮೇಲೆ ಬರ್ದುಕೊಡಿ. ಹೋಗ್ತಾ ಬರ್ತಾ ನೋಡ್ಲಿ.”

ಹಾಳೆಯಲ್ಲಿ ಎರಡು ಸಾಲು, ಮೇಲಿಂದ ಕೆಳಕ್ಕೆ. ಎಡಕ್ಕೆ ಮೊಟ್ಟೆ, ಬಲಕ್ಕೆ ಸೌತೆಕಾಯಿ. ಎರಡನ್ನೂ ನೂರು ನೂರು ಗ್ರಾಂ ತೂಗಿದರೆ ಯಾವುದರಲ್ಲಿ ಏನೆಷ್ಟು ಎಂಬ ಲೆಕ್ಕ. ಪ್ರೋಟೀನು ಮೊಟ್ಟೆಯಲ್ಲಿ ಹದಿಮೂರು ಗ್ರಾಂ, ಸೌತೆಕಾಯಿಯಲ್ಲಿ ಒಂದೂ ಇಲ್ಲ. ಕಬ್ಬಿಣದಂಶ ಮೊಟ್ಟೆಯಲ್ಲಿ ಐದಾರು ಪಟ್ಟು ಹೆಚ್ಚು. ಶಕ್ತಿ ಹತ್ತು ಪಟ್ಟು. ಕೊನೆಯದು ನೀರು. ಅದೊಂದರಲ್ಲಿ ಮಾತ್ರ ಸೌತೆಕಾಯಿಯದೇ ಮೇಲುಗೈ, ನೂರಕ್ಕೆ ತೊಂಬತ್ತೈದು. ಪ್ರತಿ ಅಂಕಿಯ ಪಕ್ಕ ಉದ್ದವೋ ಗಿಡ್ಡವೋ ಒಂದು ಬಣ್ಣದ ಪಟ್ಟಿ. “ಮೇಲೆ ಹೆಸರು ಬರೀಬೇಡಿ, ಚಿತ್ರ ಬರೀರಿ. ಅಕ್ಷರ ಕಂಡ್ರೆ ಎಷ್ಟೋ ಜನ ದೂರದಿಂದ್ಲೇ ಹೋಗ್ಬಿಡ್ತಾರೆ, ಚಿತ್ರ ಕಂಡ್ರೆ ಹತ್ರ ಬರ್ತಾರೆ” ಎಂದರು ನರ್ಸಮ್ಮ. ಮಾತು ಸರಿಯಾಗಿಯೇ ಇತ್ತು.

ಮೊದಲ ದಿನ ಮೇಷ್ಟ್ರು ಒಳಗೆ ನಿಂತು ಅಂಕಿ, ಪಟ್ಟಿ ಎಲ್ಲವನ್ನೂ ತಿರುಗಿಸಿ ಬರೆದು ಮುಗಿಸಿದರು. ಒಂದು ಚುಕ್ಕೆ ತಪ್ಪಿಲ್ಲ. ಎರಡನೆಯ ದಿನ ಚಿತ್ರ. ನೋಡಿಕೊಂಡು ಬರೆಯಲೆಂದು ನರ್ಸಮ್ಮ ಮನೆಯಿಂದ ಒಂದು ಮೊಟ್ಟೆ, ಒಂದು ಎಳೆ ಸೌತೆಕಾಯಿ ತಂದು, ಹಾಳೆಯಲ್ಲಿದ್ದ ಹಾಗೇ ಸ್ಟೂಲಿನ ಮೇಲಿಟ್ಟರು: ಮೊಟ್ಟೆ ಎಡಕ್ಕೆ, ಸೌತೆಕಾಯಿ ಬಲಕ್ಕೆ. ಗಾಜಿನ ಹಿಂಬದಿಗೆ ಚಿತ್ರ ಬರೆಯುವುದು ಸುಲಭವಲ್ಲ. ಮೊದಲು ಹೊಳಪು, ಆಮೇಲೆ ನೆರಳು, ಕೊನೆಗೆ ಮೈ. ಮೇಷ್ಟ್ರು ಉಸಿರು ಬಿಗಿಹಿಡಿದು ಬರೆದರು. ಸೌತೆಕಾಯಿಯ ಮೈಮೇಲಿನ ಸಣ್ಣ ಸಣ್ಣ ಗುಳ್ಳೆಗಳನ್ನೂ ಬಿಡಲಿಲ್ಲ. ಬಿಡದೆ ಬರೆದರು, ಆದರೆ ಸ್ಟೂಲಿನ ಮೇಲೆ ಹೇಗಿತ್ತೋ ಹಾಗೇ ಬರೆದುಬಿಟ್ಟರು. ಅಕ್ಷರ ಕಂಡರೆ ಅವರ ಕೈ ತಾನೇ ತಿರುಗುತ್ತದೆ. ಮೊಟ್ಟೆಗೆ ಹಿಂದೇನು, ಮುಂದೇನು? ನಲವತ್ತು ವರ್ಷದ ಕೈ ಅಲ್ಲಿ ಮೈಮರೆಯಿತು. ಒಳಗಿನ ಎಡ ಹೊರಗಿನವರಿಗೆ ಬಲ ಎಂಬುದನ್ನು ಹೊಸಬನಾದರೆ ಹತ್ತು ಸಲ ನೆನೆಸಿಕೊಳ್ಳುತ್ತಿದ್ದ. ಇವರು ಹಳಬರು, ನೆನೆಸಿಕೊಳ್ಳಲಿಲ್ಲ. ಹಿಂದೆ ಬಿಳಿ ಬಣ್ಣ ಬಳಿದು ಮುಗಿಸಿದರು.

ನರ್ಸಮ್ಮ ಹಾಳೆ ಹಿಡಿದು ಹೊರಗೆ ಹೋಗಿ ಪ್ರತಿ ಅಂಕಿಯನ್ನೂ ಬೆರಳಿಟ್ಟು ಸರಿನೋಡಿದರು. ಎಲ್ಲ ಸರಿ. ಚಿತ್ರ ನೋಡಿ, “ಅಯ್ಯೋ, ಕಚ್ಚಿ ತಿನ್ನೋ ಹಾಗಿದೆಯಲ್ರೀ!” ಎಂದರು. ಸೌತೆಕಾಯಿಯ ಚಿತ್ರದ ಕೆಳಗೆ ಮೊಟ್ಟೆಯ ಅಂಕಿ ಇದೆ ಎಂಬುದು ಅವರ ಕಣ್ಣಿಗೂ ಬೀಳಲಿಲ್ಲ. ಇರಬೇಕಾದದ್ದೇ ಇದೆ ಎಂದು ನಂಬಿ ನೋಡುವವರಿಗೆ ಎಲ್ಲಿ ಬೀಳುತ್ತದೆ? ಅಂದು ಮೇಷ್ಟ್ರು ಆ ಎಳೆ ಸೌತೆಕಾಯಿಯನ್ನು ಕಚ್ಚಿಕೊಂಡೇ ಮನೆಗೆ ಹೋದರು.

ಮೂರು ವಾರವಾಗಿರಬೇಕು. ಕ್ಲಿನಿಕ್ಕಿನ ಎದುರಿನ ಅಂಗಡಿಯಲ್ಲಿ ಮೇಷ್ಟ್ರು ಚಹಾ ಕುಡಿಯುತ್ತ ನಿಂತಿದ್ದರು. ಮಿಲ್ಲಿನ ಇಬ್ಬರು ಹೆಂಗಸರು ಗಾಜಿನ ಮುಂದೆ ನಿಂತು ಜೋರಾಗಿ ಮಾತಾಡುತ್ತಿದ್ದರು.

“ನೋಡೇ, ಪ್ರೋಟೀನು ಸೌತೆಕಾಯೀಲಿ ಹದಿಮೂರು. ಮೊಟ್ಟೇಲಿ ಒಂದೂ ಇಲ್ಲ!”

“ಮೊಟ್ಟೇಲಿ ಬರೀ ನೀರಂತೆ ಕಣೆ, ತೊಂಬತ್ತೈದು ಪಾಲು! ಇಷ್ಟು ದಿನ ಮನೇಲಿ ನೀರು ಬೇಯಿಸ್ಕೊಂಡು ತಿಂತಿದ್ವಲ್ಲ, ನಮ್ಮಂಥ ಪೆದ್ದಿಗಳು ಯಾರಾದ್ರೂ ಇದ್ದಾರಾ!”

ಮೇಷ್ಟ್ರಿಗೆ ನಗು ಬಂತು. ಓದಲು ಬಾರದವರ ಪಾಡು ನೋಡು ಎಂದುಕೊಂಡು ತಲೆಯೆತ್ತಿ ಗಾಜು ನೋಡಿದರು. ನೋಡಿದರೆ ಆ ಹೆಂಗಸರು ಓದಿದ್ದೇ ಸರಿ. ಚಹಾ ಲೋಟದಲ್ಲೇ ತಣ್ಣಗಾಯಿತು.

ಆಗಲೇ ರಸ್ತೆ ದಾಟಿ ಒಳಗೆ ಹೋಗಿ, “ನರ್ಸಮ್ಮ, ತಪ್ಪಾಗಿದೆ” ಎಂದು ಎರಡು ಮಾತು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ನನಗೂ ಹೇಳುವ ಕೆಲಸವಿರಲಿಲ್ಲ. ಆದರೆ ಮೇಷ್ಟ್ರು ದಾಟಲಿಲ್ಲ. ತಿದ್ದಬೇಕಾದರೆ ಬಿಳಿ ಬಣ್ಣ ಸಮೇತ ಹೆರೆದು ಹಾಕಬೇಕು. ಬೀದಿಯೆಲ್ಲ ನಿಂತು ನೋಡುತ್ತದೆ. ಉಲ್ಟಾ ಮೇಷ್ಟ್ರು ಉಲ್ಟಾ ಬರೆಯುವುದರಲ್ಲೇ ಮುಗ್ಗರಿಸಿದರು ಎಂದು ಚಹಾದ ಅಂಗಡಿಯವನು ಬಂದವರಿಗೆಲ್ಲ ಹಂಚುತ್ತಾನೆ. ಛೆ, ಬೋರ್ಡು ನೋಡಿಕೊಂಡು ಯಾರು ಊಟ ಮಾಡುತ್ತಾರೆ, ಸೌತೆಕಾಯಿಗಿಂತ ಮೊಟ್ಟೆ ಗಟ್ಟಿ ಎಂದು ಯಾರಿಗೆ ಗೊತ್ತಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಸೋಮವಾರ ಹೇಳೋಣ ಎಂದರು, ಸೋಮವಾರ ಬಂತು, ಹೋಯಿತು. ಚಹಾಕ್ಕೆ ಬೇರೆ ಅಂಗಡಿ ಹುಡುಕಿಕೊಂಡರು. ಮನೆಗೆ ಹೋಗಲು ಹಿಂದಿನ ಓಣಿ ಹಿಡಿದರು, ಅಲ್ಲಿ ನಾಯಿಗಳ ಕಾಟವಿದ್ದರೂ.

ಮನೆಯಲ್ಲಿ ಇನ್ನೊಂದು ಕಾದಿತ್ತು. ಒಂದು ಸಂಜೆ ಮಗಳು ತಟ್ಟೆ ತುಂಬ ಸೌತೆಕಾಯಿ ಹೆಚ್ಚಿಕೊಂಡು ಕೂತಿದ್ದಳು. ತಾಯಿ ಬೇಯಿಸಿಟ್ಟ ಮೊಟ್ಟೆಯನ್ನು ಆಚೆಗೆ ತಳ್ಳಿದ್ದಳು. ಬಸುರಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ.

“ಒಂದಾದ್ರೂ ತಿನ್ನಮ್ಮ” ಎಂದರು ಮೇಷ್ಟ್ರು, ತಟ್ಟೆ ನೋಡುತ್ತ.

“ಮೊಟ್ಟೆ ಯಾಕಪ್ಪ? ನೀನೇ ಬರ್ದಿದ್ದೀಯಲ್ಲ ಬೋರ್ಡಲ್ಲಿ, ಇದರಲ್ಲೇ ಎಲ್ಲ ಜಾಸ್ತಿ ಅಂತ.” ಅವಳ ಮುಖ ಅರಳಿತ್ತು. “ನಾನೇ ಓದ್ದೆ. ಯಾರನ್ನೂ ಕೇಳ್ಲಿಲ್ಲ. ಒಂದೊಂದು ಅಂಕೀನೂ ಬೆರಳಿಟ್ಟು ಓದ್ದೆ. ಹದಿಮೂರು, ಅಲ್ವಾ?”

ಎಷ್ಟೋ ವರ್ಷಗಳ ಮೇಲೆ ಮಗಳು ತಾನಾಗಿ ಅಪ್ಪನ ಬೋರ್ಡು ಓದಿ ಬಂದಿದ್ದಳು. ಇವತ್ತು ಬೇಡ, ಖುಷಿಯಲ್ಲಿದ್ದಾಳೆ ಎಂದುಕೊಂಡರು ಮೇಷ್ಟ್ರು. ಇದು ನೆಪ ಎಂದು ಅವರಿಗೇ ಗೊತ್ತಿತ್ತು.

ಖುಷಿಗೆ ಇನ್ನೊಂದು ಕಾರಣವೂ ಇತ್ತು. ಮಿಲ್ಲಿನಲ್ಲಿ ಶೇಡ್ ಟೇಬಲ್ ಎಂದು ಒಂದಿದೆ. ನೂಲಿನ ಉಂಡೆಯ ಚೀಟಿಯಲ್ಲಿರುವ ನಾಲ್ಕಂಕಿಯ ನಂಬರು ಓದಿ, ಬಣ್ಣ ತಾಳೆ ನೋಡಿ, ಬೇರೆ ಬೇರೆ ಪೆಟ್ಟಿಗೆಗೆ ಹಾಕುವ ಜಾಗ. ಕೂತು ಮಾಡುವ ಕೆಲಸ. ಬಣ್ಣ ಗುರುತಿಸುವುದರಲ್ಲಿ ಮಗಳ ಕಣ್ಣು ಚುರುಕೆಂದು ಸೂಪರ್‌ವೈಸರ್ ಆ ಜಾಗಕ್ಕೆ ಅವಳನ್ನು ಕೇಳಿದ್ದ. ಎಂಟು ಗಂಟೆ ಮೆಷಿನ್ನಿನ ಮುಂದೆ ನಿಂತು ನಿಂತು ಅವಳ ಪಾದ ಬನ್ನಿನ ಹಾಗೆ ಊದಿಕೊಳ್ಳುತ್ತಿತ್ತು. “ಅಂಕಿ ಅಂದ್ರೆ ಹೆದರಿಕೆ ಆಗ್ತಿತ್ತಪ್ಪ. ಆದ್ರೆ ಬೋರ್ಡು ಓದಿದ ಮೇಲೆ, ಓದ್ಬಹುದು ಅನ್ನಿಸ್ತು. ಆ ಜಾಗ ಖಾಲಿ ಆಗೋಕೆ ಇನ್ನೂ ಎರಡ್ಮೂರು ತಿಂಗಳಿದೆ, ಆಗ ಹೇಳ್ತೀನಿ ಅಂದಿದ್ದೀನಿ.”

ಹೀಗೆ ಎರಡು ತಿಂಗಳು ಸೌತೆಕಾಯಿ ತಿಂದಳು. ಬಸುರಿನ ಆರನೆಯ ತಿಂಗಳಲ್ಲಿ ಒಂದು ಬುಧವಾರ ಕ್ಲಿನಿಕ್ಕಿಗೆ ಹೊರಟಾಗ ತಲೆಸುತ್ತು ಎಂದಳು. ಹೆಂಡತಿಗೆ ಮೊಣಕಾಲು ನೋವು. ಮೇಷ್ಟ್ರೇ ಚೀಲ ಹಿಡಿದುಕೊಂಡು ಜೊತೆಗೆ ಹೋಗಬೇಕಾಯಿತು.

ಒಳಗೆ ಬೆಂಚುಗಳ ಮೇಲೆ ಹದಿನೈದಿಪ್ಪತ್ತು ಹೆಂಗಸರು. ಸೊಸೆಯ ಜೊತೆ ಬಂದಿದ್ದ ಒಬ್ಬ ಅಜ್ಜಿ. ನರ್ಸಮ್ಮ ಬೆರಳು ಚುಚ್ಚಿ ರಕ್ತ ನೋಡಿದರು. ಹುಬ್ಬು ಗಂಟಾಯಿತು.

“ಹೋದ ತಿಂಗಳು ಹತ್ತಿತ್ತು, ಈಗ ಎಂಟೂವರೆ! ಮಾತ್ರೆ ನುಂಗ್ತಿದ್ದೀಯಾ? ಮೊಟ್ಟೆ ತಿಂತಿದ್ದೀಯಾ?”

“ಮಾತ್ರೆ ನುಂಗ್ತೀನಿ ಅಮ್ಮ. ಮೊಟ್ಟೆ ಸೇರಲ್ಲ. ಸೌತೆಕಾಯಿ ತಿಂತೀನಿ, ದಿನಾ ನಾಲ್ಕು.”

“ನಾಲ್ಕು ಸೌತೆಕಾಯಿ! ಯಾವ ಮಹಾತಾಯಿ ಹೇಳಿದ್ಲು ನಿಂಗೆ?”

“ಬೋರ್ಡಲ್ಲಿದೆಯಲ್ಲಮ್ಮ. ಅದರಲ್ಲೇ ಜಾಸ್ತಿ ಅಂತ.”

ನರ್ಸಮ್ಮ ಎರಡು ಕೈಯನ್ನೂ ಮೇಲೆತ್ತಿದರು. “ಕೇಳಿದ್ರಾ! ಒಂದೊಂದು ಅಂಕೀನೂ ನಾನೇ ನಿಂತು ನೋಡಿ ಬರೆಸಿದ್ದೀನಿ. ಅಪ್ಪ ಬರೆದ ಬೋರ್ಡು ಮಗಳಿಗೇ ಓದೋಕೆ ಬರಲ್ವಲ್ಲ, ಇನ್ನು ಬೇರೆಯವರನ್ನ ಏನು ಅನ್ಲಿ!”

ಹೆಂಗಸರೆಲ್ಲ ಗೊಳ್ಳೆಂದರು. “ನಂಗೂ ಹಾಗೇ ಕಂಡಿತ್ತಪ್ಪ” ಎಂದು ಮೂಲೆಯಿಂದ ಅಜ್ಜಿ ಗೊಣಗಿದರೆ, “ಅಜ್ಜಿ, ನೀವು ಕನ್ನಡಕ ಬದಲಾಯಿಸಿ” ಎಂದು ನರ್ಸಮ್ಮ ಬಾಯಿ ಮುಚ್ಚಿಸಿದರು. ಅದಕ್ಕೆ ಇನ್ನಷ್ಟು ನಗು. ಎಲ್ಲರಿಗಿಂತ ಜೋರಾಗಿ ನಕ್ಕವರು, ಅಂದು ಗಾಜಿನ ಮುಂದೆ ನಿಂತು ನೀರು ಬೇಯಿಸಿಕೊಂಡು ತಿಂದೆವೆಂದು ಗೋಳಾಡಿದ್ದ ಆ ಇಬ್ಬರು ಹೆಂಗಸರೇ. ತಮ್ಮ ಮೇಲೆ ಬರದಿರಲಿ ಎಂದು ಇರಬೇಕು.

ಮಗಳು ತಿರುಗಿ ಅಪ್ಪನ ಮುಖ ನೋಡಿದಳು. ಅಪ್ಪ ಒಂದು ಮಾತು ಹೇಳಿಯಾರು ಎಂದು ನೋಡಿದಳು. ಆಗ ಮೇಷ್ಟ್ರು ಮಾಡಿದ್ದೇನು ಗೊತ್ತೇ? ನಕ್ಕರು. ಎಲ್ಲರ ಜೊತೆ ಸೇರಿ, ಹಲ್ಲು ಕಾಣುವ ಹಾಗೆ ನಕ್ಕರು. “ಏನ್ಮಾಡೋದು ನರ್ಸಮ್ಮ, ಇವಳು ಚಿಕ್ಕೋಳಿದ್ದಾಗ್ಲೂ ಹೀಗೇನೇ” ಎಂಬ ಮಾತೂ ಬಾಯಿಂದ ಬಂತು. ಬಂದ ಮೇಲೆ ಅದು ಯಾರ ಬಾಯೋ ಅನ್ನಿಸಿತು.

ಮಗಳು ತಲೆ ತಗ್ಗಿಸಿದಳು. “ನಾನೇ ತಪ್ಪಾಗಿ ಓದಿರ್ಬೇಕಮ್ಮ. ನಂಗೆ ಅಂಕಿ ಸರ್ಯಾಗಿ ಬರಲ್ಲ” ಎಂದಳು. ಸಣ್ಣ ದನಿಯಲ್ಲಿ, ಕೈಯಲ್ಲಿದ್ದ ಹತ್ತಿಯ ಚೂರನ್ನು ಹಿಸುಕುತ್ತ.

ಹೊರಗೆ ಬಂದಾಗ ಅವಳು ಗಾಜಿನ ಕಡೆ ತಿರುಗಿ ನೋಡಬಹುದು ಎಂದು ಮೇಷ್ಟ್ರಿಗೆ ಹೆದರಿಕೆಯಾಯಿತು. ಅವರು ಬೇಗ ಬೇಗ ಬಂದು ಮಗಳ ಮತ್ತು ಗಾಜಿನ ನಡುವೆ, ಚೀಲವನ್ನು ಎದೆಗೆತ್ತಿಕೊಂಡು ನಡೆದರು. ಮರೆಮಾಡುವ ಅಗತ್ಯವೇ ಇರಲಿಲ್ಲ. ಅವಳು ತಲೆ ಎತ್ತಲೇ ಇಲ್ಲ. ಮಾಡಿದ ಕೆಲಸಗಳಲ್ಲಿ ಯಾವುದು ಹೆಚ್ಚು ಹೇಸಿಗೆಯದು, ನಕ್ಕದ್ದೋ, ಮರೆಯಾಗಿ ನಡೆದದ್ದೋ ಎಂದು ಮೇಷ್ಟ್ರು ಆಮೇಲೆ ಎಷ್ಟೋ ಸಲ ತೂಗಿ ನೋಡಿದರು. ಎರಡೂ ಒಂದೇ ತೂಕ ಬಂದವು.

ಅಂದಿನಿಂದ ಮಗಳು ಮೂಗು ಮುಚ್ಚಿಕೊಂಡು ದಿನಕ್ಕೆರಡು ಮೊಟ್ಟೆ ತಿಂದಳು. ಮೈ ಸುಧಾರಿಸಿತು. ಆದರೆ ಮಾತ್ರೆಯ ಪೊಟ್ಟಣ ಹಿಡಿದು ತಾಯಿಯ ಹತ್ತಿರ ಬರತೊಡಗಿದಳು. “ಅಮ್ಮ, ಇದು ಎರಡೇನಾ ನೋಡು.” ತಾಯಿ ಎರಡು ಎಂದರೂ, “ಇನ್ನೊಂದ್ಸಲ ನೋಡು” ಎನ್ನುತ್ತಿದ್ದಳು. ಬಸ್ಸಿನ ನಂಬರನ್ನು ಪಕ್ಕದವರನ್ನು ಕೇಳಿ ಹತ್ತುತ್ತಿದ್ದಳು, ದಿನಾ ಹತ್ತುವ ಬಸ್ಸು ಅದು.

ತಿಂಗಳ ಕೊನೆಯ ಮಂಗಳವಾರ ಹೆಂಡತಿ ಮೇಷ್ಟ್ರಿಗೆ ಹೇಳಿದಳು. “ಆ ಶೇಡ್ ಟೇಬಲ್ ಬೇಡ ಅಂದ್ಬಿಟ್ಲಂತೆ ರೀ. ಬೋರ್ಡು ಓದೋಕೆ ಬಾರದವಳು ನಾನು, ನಂಬರ್ ತಪ್ಪಿ ಇಡೀ ಲಾಟು ಹಾಳಾದ್ರೆ ಏನ್ಗತಿ ಅಂತಾಳೆ. ಆ ಕಾಲು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ನೀವಾದ್ರೂ ಧೈರ್ಯ ಹೇಳ್ಬಾರ್ದಾ?”

ಧೈರ್ಯ! ಮೇಷ್ಟ್ರಿಗೆ ಹೆಂಡತಿಯ ಮುಖ ನೋಡಲಾಗಲಿಲ್ಲ. ಅನ್ನಬಾರದ್ದನ್ನೆಲ್ಲ ಮನಸ್ಸಿನಲ್ಲೇ ತಮಗೆ ತಾವೇ ಅಂದುಕೊಂಡರು. ಮಾರನೆಯ ದಿನ ಬುಧವಾರ.

ಬಕೆಟ್ಟು, ಬ್ಲೇಡು, ಒಂದು ಬಟ್ಟೆ ಹಿಡಿದು ಕ್ಲಿನಿಕ್ಕಿಗೆ ಹೋದರು. ಹೆಂಗಸರು ತುಂಬಿದ್ದರು. ನರ್ಸಮ್ಮನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು, ಆಸೆಯೂ ಆಯಿತು. ಆದರೆ ನಕ್ಕಿದ್ದು ಎಲ್ಲರ ಮುಂದೆ. ಹೋಗಿ ಎಲ್ಲರ ಮಧ್ಯದಲ್ಲಿ ನಿಂತರು.

“ನನ್ನ ಮಗಳು ಸರಿಯಾಗೇ ಓದಿದ್ಲು. ನಾನು ಬರೆದಿದ್ದೇ ತಪ್ಪು. ಚಿತ್ರ ಅದಲುಬದಲಾಗಿದೆ.”

ನರ್ಸಮ್ಮ ನಂಬಲಿಲ್ಲ. ಹೊರಗೆ ಹೋದರು. ತುಂಬ ಹೊತ್ತು ಒಳಗೆ ಬರಲಿಲ್ಲ. ಬಂದಾಗ ಅವರ ಜೋರು ಬಾಯಿ ಎಲ್ಲೋ ಹೋಗಿತ್ತು. “ಅಂಕಿ ನೋಡ್ದೆ, ಚಿತ್ರ ನೋಡ್ಲಿಲ್ಲ. ಆ ಹುಡುಗಿಗೆ ಏನೇನೋ ಅಂದ್ಬಿಟ್ನಲ್ಲ” ಎಂದು ಕುರ್ಚಿಯಲ್ಲಿ ಕುಸಿದರು.

“ನನ್ನ ಕನ್ನಡಕಕ್ಕೆ ಏನೂ ಆಗಿರ್ಲಿಲ್ಲ ಅಂತಾಯ್ತು” ಎಂದರು ಅಂದೂ ಸೊಸೆಯ ಜೊತೆ ಬಂದಿದ್ದ ಅಜ್ಜಿ. ಯಾರೂ ನಗಲಿಲ್ಲ.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದು ನರ್ಸಮ್ಮ ಕೇಳಿದರು.

“ತುಂಬ ದಿನ ಆಯ್ತು. ಬರೆದ ಮೂರು ವಾರಕ್ಕೇ.”

“ಹಾಗಾದ್ರೆ ಅವತ್ತು, ಅವಳನ್ನ ಅಂದಾಗ, ನೀವು ಇಲ್ಲೇ ಇದ್ರಲ್ಲ?”

“ಇದ್ದೆ.”

ಇಪ್ಪತ್ತು ಜೊತೆ ಕಣ್ಣುಗಳು ಮೇಷ್ಟ್ರ ಮೇಲೆ. ಆ ಹೆಂಗಸರು ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ. ಗಾಜಿನ ಹತ್ತಿರ ಹೋಗಿ ಬ್ಲೇಡು ಹಚ್ಚಿದರು. ಮೊದಲು ಬಿಳಿ ಬಣ್ಣ, ಆಮೇಲೆ ಸೌತೆಕಾಯಿ, ಆಮೇಲೆ ಮೊಟ್ಟೆ. ಹೊರಗೆ ಬೀದಿಯವರು ನಿಂತು ನೋಡಿದರು, ಚಹಾದ ಅಂಗಡಿಯವನೂ ಬಂದು ಏನು ಎತ್ತ ಎಂದು ಕೇಳಿದ. ಕೇಳಿದವರಿಗೆಲ್ಲ ಮೇಷ್ಟ್ರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಷ್ಟೊಂದು ಕಷ್ಟವೇನೂ ಆಗಲಿಲ್ಲ. ಮೂರು ತಿಂಗಳು ಹೆದರಿದ್ದು ಇದಕ್ಕೇನಾ ಎಂದುಕೊಂಡರೆ ಇನ್ನೂ ನಾಚಿಕೆಯಾಯಿತು.

ಸಂಜೆ ಮನೆಗೆ ಹೋದಾಗ ಮಗಳು ಅಡುಗೆಮನೆಯಲ್ಲಿ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಮೇಷ್ಟ್ರು ನಿಂತುಕೊಂಡೇ ಎಲ್ಲ ಹೇಳಿದರು. ಸ್ಟೂಲು, ಮೊಟ್ಟೆ, ಚಹಾದ ಅಂಗಡಿ, ಹಿಂದಿನ ಓಣಿ, ಕೊನೆಗೆ ಗಾಜಿಗೆ ಮರೆಯಾಗಿ ನಡೆದದ್ದನ್ನೂ ಬಿಡಲಿಲ್ಲ.

ಅವಳು ಕೇಳಿದಳು. “ಹಾಗಾದ್ರೆ ನಾನು ಸರಿಯಾಗೇ ಓದಿದ್ನಾ?”

“ಸರಿಯಾಗೇ ಓದಿದ್ದೆ. ಒಂದೊಂದೂ.”

“ಹದಿಮೂರು?”

“ಹದಿಮೂರೇ.”

ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಹೊಳೆಯಿತು. ಮೇಷ್ಟ್ರು ಅದನ್ನು ಕಂಡು ಅವಸರದಿಂದ, “ನಾಳೆ ಹೋಗಿ ಆ ಟೇಬಲ್ ಒಪ್ಕೊಳಮ್ಮ. ಬೇಕಾದ್ರೆ ನಾನೂ ಬಂದು ಸೂಪರ್‌ವೈಸರ್ ಹತ್ರ ಮಾತಾಡ್ತೀನಿ” ಎಂದರು.

“ಬೆಳಿಗ್ಗೆ ಬೇರೆಯವಳನ್ನ ಕೂರಿಸಿದ್ರಪ್ಪ.”

ಬೋಗುಣಿಯ ನೀರು ತಣ್ಣಗಾಗಿತ್ತು. ಅವಳು ಒಂದು ಕಾಲನ್ನು ಎತ್ತಿ ಒರೆಸಿಕೊಂಡಳು, ಆಮೇಲೆ ಇನ್ನೊಂದನ್ನು. ಕೋಪವೇನೂ ಕಾಣಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

“ಅವತ್ತೇ ಯಾಕೆ ಹೇಳ್ಲಿಲ್ಲ?”

“ನಾಚಿಕೆ ಆಯ್ತಮ್ಮ” ಎಂದರು ಮೇಷ್ಟ್ರು. “ಅಷ್ಟು ಜನರ ಮುಂದೆ...”

“ನಂಗೂ ಅಷ್ಟೇ ಜನರ ಮುಂದೇನೇ ಆಗಿದ್ದು, ಅಪ್ಪ.”